ಗುಂಗುರು ಕೂದಲು ಕೆದರುವುದೇಕೆ: ಕಾರಣ ಪತ್ತೆಹಚ್ಚುವ ಕ್ರಮ

ಗುಂಗುರು ಕೂದಲು ಕೆದರಿ ನಿಂತಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಎಣ್ಣೆಯ ಬಾಟಲಿಗೆ. ಕೂದಲು ಒರಟಾಗಿದೆ ಎಂದರೆ ಒಣಗಿದೆ, ಒಣಗಿದೆ ಎಂದರೆ ಜಿಡ್ಡು ಬೇಕು ಎಂಬ ಲೆಕ್ಕಾಚಾರ ಕೇಳಲು ಸರಿಯೆನಿಸಿದರೂ ಅದು ಅನೇಕರನ್ನು ವರ್ಷಗಟ್ಟಲೆ ತಪ್ಪು ದಾರಿಯಲ್ಲಿ ನಡೆಸುತ್ತದೆ. ನಾನೂ ಆ ದಾರಿಯಲ್ಲಿ ಬಹಳ ಕಾಲ ನಡೆದಿದ್ದೇನೆ. ಕೆದರುವಿಕೆ ಎಂದರೆ ಒಂದು ಎಳೆ ತನ್ನ ಪಕ್ಕದ ಎಳೆಗಳೊಂದಿಗೆ ಒಂದೇ ಸುರುಳಿಯಾಗಿ ಸೇರಿಕೊಳ್ಳದೆ ಬೇರೆಯಾಗಿ ನಿಲ್ಲುವುದು. ಹಾಗೆ ನಿಲ್ಲಲು ಒಣಗಿರುವಿಕೆ ಒಂದು ಕಾರಣವಿರಬಹುದು. ಸವೆತ, ಗಾಳಿಯ ತೇವಾಂಶ, ಹಿಂದೆ ಹಚ್ಚಿದ ಪದಾರ್ಥಗಳ ಶೇಷ, ಗಡಸು ನೀರು, ಒಣಗುವ ಹೊತ್ತಿನಲ್ಲಿ ಆಡಿಸಿದ ಕೈ, ಇವೂ ಕಾರಣಗಳಿರಬಹುದು. ಕಾರಣ ಬೇರೆಯಾದಂತೆ ಪರಿಹಾರವೂ ಬೇರೆಯಾಗುತ್ತದೆ, ಕೆಲವೊಮ್ಮೆ ತದ್ವಿರುದ್ಧವೂ ಆಗುತ್ತದೆ. ಆದ್ದರಿಂದ ಹೊಸದೇನನ್ನಾದರೂ ಕೊಳ್ಳುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ಕೂದಲು ಕೆದರಲು ಆರಂಭಿಸುವುದು ಯಾವ ಹೊತ್ತಿನಲ್ಲಿ, ಮತ್ತು ತಲೆಯ ಯಾವ ಭಾಗದಲ್ಲಿ. ಈ ಕೈಪಿಡಿ ಆ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಎಳೆಯೊಳಗೆ ನಡೆಯುವುದು

ಕೂದಲಿನ ತಿರುಳು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಅದರ ಸುತ್ತ, ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಸರಿದು ಕುಳಿತ ತೆಳುವಾದ ಪೊರೆಗಳ ಹೊರಪದರವಿದ್ದು, ಆ ಹೆಂಚುಗಳ ಅಂಚು ಕೂದಲಿನ ತುದಿಯ ಕಡೆಗೆ ಮುಖಮಾಡಿರುತ್ತದೆ. ಒಂದು ಎಳೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆದರೆ ನುಣ್ಣಗೆ ಜಾರುವುದೂ, ತುದಿಯಿಂದ ಬುಡಕ್ಕೆ ಎಳೆದರೆ ತಡೆದು ತಡೆದು ಬರುವುದೂ ಇದೇ ಕಾರಣಕ್ಕೆ. ಹಾನಿಯಾಗದ ಹೊರಪದರದ ಮೇಲೆ ಕೊಬ್ಬಿನಾಮ್ಲದ ಅತಿ ತೆಳುವಾದ ಲೇಪವೊಂದು ಸಹಜವಾಗಿಯೇ ಬೆಸೆದುಕೊಂಡಿರುತ್ತದೆ. ನೀರನ್ನು ದೂರವಿಡುವುದೂ ಎಳೆಗಳು ಒಂದರ ಮೇಲೊಂದು ಜಾರುವಂತೆ ಮಾಡುವುದೂ ಅದರ ಕೆಲಸ. ಬ್ಲೀಚ್ ಮತ್ತು ಕ್ಷಾರಯುಕ್ತ ಬಣ್ಣಗಳು ಈ ಲೇಪವನ್ನು ಕಿತ್ತುಹಾಕುತ್ತವೆ, ಮತ್ತು ಒಮ್ಮೆ ಹೋದ ಲೇಪ ಆ ಎಳೆಯಲ್ಲಿ ಮತ್ತೆ ಹುಟ್ಟುವುದಿಲ್ಲ.

ಕೆರಾಟಿನ್‌ನ ಎಳೆಗಳನ್ನು ಪರಸ್ಪರ ಹಿಡಿದಿಡುವ ಬಂಧಗಳಲ್ಲಿ ಎರಡನ್ನು ಇಲ್ಲಿ ನೆನಪಿಡಬೇಕು. ಗಂಧಕದ ಬಂಧಗಳು ಗಟ್ಟಿಯಾದವು, ಅವು ನೀರಿಗೆ ಬಿಚ್ಚಿಕೊಳ್ಳುವುದಿಲ್ಲ. ಹೈಡ್ರೋಜನ್ ಬಂಧಗಳು ಹಾಗಲ್ಲ. ಅವು ನೀರು ತಾಗಿದೊಡನೆ ಬಿಚ್ಚಿ, ನೀರು ಆರಿದಂತೆ ಮತ್ತೆ ಕೂಡಿಕೊಳ್ಳುತ್ತವೆ, ಮತ್ತು ಕೂಡಿಕೊಳ್ಳುವ ಹೊತ್ತಿಗೆ ಎಳೆ ಯಾವ ಆಕಾರದಲ್ಲಿತ್ತೋ ಆ ಆಕಾರವನ್ನೇ ಮುಂದಿನ ಒದ್ದೆಯವರೆಗೆ ಉಳಿಸಿಕೊಳ್ಳುತ್ತವೆ. ತೇವಾಂಶದಿಂದ ತುಂಬಿದ ಗಾಳಿಯಲ್ಲಿ ಕೂದಲು ತನ್ನ ತೂಕದ ಸುಮಾರು ಶೇ 30ರಷ್ಟು ನೀರನ್ನು ಹೀರಿಕೊಳ್ಳಬಲ್ಲದು. ಆಗ ಅದರ ಉದ್ದ ಹೆಚ್ಚುವುದು ಶೇ 2ರ ಒಳಗಾದರೆ ದಪ್ಪ ಶೇ 15ರ ಆಸುಪಾಸಿನಷ್ಟು ಹೆಚ್ಚುತ್ತದೆ. ನೇರವಾದ ಕೂದಲಿನಲ್ಲಿ ಈ ಉಬ್ಬುವಿಕೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಗುಂಗುರು ಕೂದಲಿನಲ್ಲಾದರೋ ಪ್ರತಿ ಎಳೆಗೂ ತನ್ನದೇ ತಿರುವುಗಳಿರುವುದರಿಂದ, ಒಂದೊಂದು ಎಳೆ ಒಂದೊಂದು ಪ್ರಮಾಣದಲ್ಲಿ ಉಬ್ಬಿದಾಗ ಗೊಂಚಲಿನ ಹೊಂದಿಕೆ ತಪ್ಪಿಹೋಗುತ್ತದೆ. ಜೊತೆಗೆ ನೆತ್ತಿಯ ಸಹಜ ಜಿಡ್ಡು ತಿರುವುಗಳನ್ನು ದಾಟಿ ತುದಿಯವರೆಗೆ ಇಳಿಯಲಾರದು, ಮತ್ತು ಪ್ರತಿ ತಿರುವಿನ ಹೊರಬದಿ ಹೆಚ್ಚು ಉಜ್ಜಿಸಿಕೊಂಡು ಬೇಗ ಸವೆಯುತ್ತದೆ. ಗುಂಗುರು ಕೂದಲು ಒಂದಿಷ್ಟು ಕೆದರುವುದು ಅದರ ಸ್ವಭಾವ. ನಾವು ಹುಡುಕಬೇಕಾದದ್ದು ಆ ಸ್ವಭಾವವನ್ನು ಮೀರಿದ ಕೆದರುವಿಕೆಯ ಕಾರಣವನ್ನು.

ಪರೀಕ್ಷೆಗೆ ಮುನ್ನ

ತಲೆಯಲ್ಲಿ ಹಳೆಯ ಎಣ್ಣೆ, ಸಿಲಿಕೋನ್ (ಸೀರಮ್, ಕಂಡೀಷನರ್‌ಗಳಲ್ಲಿದ್ದು ಕೂದಲಿಗೆ ನುಣುಪಾದ ಹೊದಿಕೆಯಾಗುವ ಪದಾರ್ಥ), ಜೆಲ್‌ಗಳ ಪದರವಿರುವಾಗ ಮಾಡಿದ ಯಾವ ಪರೀಕ್ಷೆಯನ್ನೂ ನಂಬುವಂತಿಲ್ಲ. ಆದ್ದರಿಂದ ಸಲ್ಫೇಟ್ ಎಂಬ ಬಲವಾದ ಮಾರ್ಜಕ ಇರುವ, ಸಿಲಿಕೋನ್ ಇಲ್ಲದ ಶಾಂಪೂವಿನಿಂದ ಒಮ್ಮೆ ಚೆನ್ನಾಗಿ ತಲೆ ತೊಳೆದು, ಬಳಿಕ ಸಾದಾ ಕಂಡೀಷನರ್ ಹಚ್ಚಿ, ಮತ್ತೇನನ್ನೂ ಬಳಸದೆ, ಮುಟ್ಟದೆ ಒಣಗಲು ಬಿಡಬೇಕು. ಸಲ್ಫೇಟ್ ಎಂಬ ಹೆಸರು ಕೇಳಿ ಹೆದರುವವರಿದ್ದಾರೆ. ದಿನವೂ ಬಳಸಿದರೆ ಅದು ಗುಂಗುರು ಕೂದಲಿಗೆ ಕಠಿಣವೆಂಬುದು ನಿಜವೇ, ಆದರೆ ಒಂದು ಸಲದ ತೊಳೆತದಿಂದ ಆಗುವ ನಷ್ಟಕ್ಕಿಂತ ಸಿಗುವ ಮಾಹಿತಿ ದೊಡ್ಡದು. ಈ ಒಂದು ತೊಳೆತದಿಂದಲೇ ಸುರುಳಿಗಳು ಹಗುರಾಗಿ, ಸ್ಪಷ್ಟವಾಗಿ ಕೂಡಿಕೊಂಡರೆ ಹುಡುಕಾಟ ಅಲ್ಲಿಗೇ ಮುಗಿಯಿತು: ದೋಷವಿದ್ದದ್ದು ಶೇಷದ ಪದರದಲ್ಲಿ.

ನನ್ನ ವಿಷಯದಲ್ಲಿ ಆದದ್ದು ಇದೇ. ಬುಡದಲ್ಲಿ ಭಾರ, ಮಧ್ಯದಲ್ಲಿ ಜೋಲು, ಮೇಲೆ ಮಾತ್ರ ಕೆದರು. ತಲೆಗೆ ನೀರು ಹಾಕಿಕೊಂಡರೆ ಅದು ಕೂದಲಿನೊಳಗೆ ಇಳಿಯದೆ ಹನಿಹನಿಯಾಗಿ ಮೇಲೆಯೇ ಉರುಳಿಹೋಗುತ್ತಿತ್ತು, ಒಳಗಿನ ಕೂದಲು ನೆನೆಯಲು ಹಲವು ನಿಮಿಷಗಳೇ ಬೇಕಾಗುತ್ತಿದ್ದವು. ಅದನ್ನು ಒಣಗಿರುವಿಕೆಯ ಲಕ್ಷಣವೆಂದು ತಿಳಿದು ನಾನು ಮತ್ತಷ್ಟು ಎಣ್ಣೆ ಹಚ್ಚುತ್ತಿದ್ದೆ. ಸಲ್ಫೇಟ್ ಶಾಂಪೂ ಬಿಟ್ಟು, ಡೈಮೆಥಿಕೋನ್ ಎಂಬ ಸಿಲಿಕೋನ್ ಇರುವ ಸೀರಮ್ ಮಾತ್ರ ಮುಂದುವರಿಸಿದವರಲ್ಲಿ ಈ ಸ್ಥಿತಿ ಸಾಮಾನ್ಯ, ಏಕೆಂದರೆ ಡೈಮೆಥಿಕೋನ್ ನೀರಿನಲ್ಲಿ ಕರಗುವುದಿಲ್ಲ. ಅದನ್ನು ತೆಗೆಯಲು ತಕ್ಕಷ್ಟು ಬಲವುಳ್ಳ ಶಾಂಪೂ ಬೇಕು. ಬಾಟಲಿಯ ಹಿಂದಿನ ಪಟ್ಟಿಯಲ್ಲಿ ‘ಕೋನ್’ ಎಂದು ಮುಗಿಯುವ ಹೆಸರುಗಳು ಸಾಮಾನ್ಯವಾಗಿ ಸಿಲಿಕೋನ್‌ಗಳು, ಅವುಗಳ ಪೈಕಿ ಹೆಸರಿನ ಆರಂಭದಲ್ಲಿ ‘ಪೆಗ್’ (PEG) ಎಂದಿರುವವು ನೀರಿನಲ್ಲಿ ಹೆಚ್ಚು ಸುಲಭವಾಗಿ ಹೋಗುತ್ತವೆ. ಸಿಲಿಕೋನ್ ಶತ್ರುವೇನಲ್ಲ, ಸವೆದ ಹೊರಪದರಕ್ಕೆ ಅದು ಒಳ್ಳೆಯ ಹೊದಿಕೆ. ಹಚ್ಚುವುದಕ್ಕೂ ತೆಗೆಯುವುದಕ್ಕೂ ಸಮತೂಕವಿರಬೇಕು, ಅಷ್ಟೇ.

ಪರೀಕ್ಷೆಯ ಇನ್ನೊಂದು ನಿಯಮವೂ ಮುಖ್ಯವಾದದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಸಾಧ್ಯವಾದರೆ ಅರ್ಧ ತಲೆಗೆ ಮಾತ್ರ ಮಾಡಬೇಕು. ನಡು ಬೈತಲೆ ತೆಗೆದು, ಬಲಗಡೆಗೆ ಎಂದಿನ ಕ್ರಮವನ್ನೂ ಎಡಗಡೆಗೆ ಹೊಸ ಕ್ರಮವನ್ನೂ ಅನುಸರಿಸಿದರೆ ಅದೇ ದಿನ, ಅದೇ ಹವೆ, ಅದೇ ನೀರಿನಲ್ಲಿ ಎರಡರ ವ್ಯತ್ಯಾಸ ಕನ್ನಡಿಯಲ್ಲಿ ನೇರವಾಗಿ ಕಾಣುತ್ತದೆ. ಇಂದಿನ ಕೂದಲನ್ನು ಕಳೆದ ವಾರದ ನೆನಪಿನೊಂದಿಗೆ ಹೋಲಿಸುವುದಕ್ಕಿಂತ ಇದು ಎಷ್ಟೋ ಪಾಲು ವಿಶ್ವಾಸಾರ್ಹ. ಇದಕ್ಕೆ ಬದಲಾಗಿ, ಕೂದಲು ಎಷ್ಟು ನೀರು ಹೀರುತ್ತದೆಂದು ತಿಳಿಯಲು ಒಂದು ಎಳೆಯನ್ನು ಲೋಟದ ನೀರಿಗೆ ಹಾಕಿ ಅದು ತೇಲುವುದೋ ಮುಳುಗುವುದೋ ನೋಡುವ ಪರೀಕ್ಷೆ ಬಹಳ ಜನಪ್ರಿಯವಾಗಿದೆ. ಎಳೆಗೆ ಅಂಟಿದ ಜಿಡ್ಡು, ನೀರಿನ ಮೇಲ್ಮೈ ಸೆಳೆತ, ಸಿಕ್ಕಿಕೊಂಡ ಗಾಳಿಯ ಗುಳ್ಳೆ, ಇವೇ ಅದರ ಫಲಿತಾಂಶವನ್ನು ನಿರ್ಧರಿಸುವುದರಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಒದ್ದೆಯಿರುವಾಗಲೇ ಎಳೆಗಳು ಕೂಡಿಕೊಳ್ಳದಿದ್ದರೆ

ಕಂಡೀಷನರ್ ಹಚ್ಚಿ ತೊಳೆದು, ನೀರು ತೊಟ್ಟಿಕ್ಕುತ್ತಿರುವಾಗಲೇ ಕನ್ನಡಿಯ ಮುಂದೆ ನಿಂತು ನೋಡಬೇಕು. ಸರಿಯಾಗಿ ನೆನೆದ ಗುಂಗುರು ಕೂದಲು ಹಗ್ಗದ ಹುರಿಗಳಂತೆ ಗೊಂಚಲು ಗೊಂಚಲಾಗಿ ಇಳಿದಿರುತ್ತದೆ. ಹಾಗಿಲ್ಲದೆ, ಒದ್ದೆಯಲ್ಲೇ ಬಿಡಿ ಎಳೆಗಳು ನಿಂತಿದ್ದರೆ ಮುಂದೆ ಏನು ಮಾಡಿದರೂ ಅವು ಕೂಡುವುದಿಲ್ಲ. ದೋಷ ಇರುವುದು ತಲೆ ತೊಳೆಯುವ ಹಂತದಲ್ಲಿ.

ಸಾಮಾನ್ಯ ಕಾರಣ ನೀರು ಸಾಲದಿರುವುದು, ಇಲ್ಲವೇ ಕಂಡೀಷನರ್ ಒಳಪದರಗಳಿಗೆ ತಲುಪದಿರುವುದು. ಕಂಡೀಷನರಿನಲ್ಲಿರುವ ಧನ ವಿದ್ಯುದಂಶದ ಕಣಗಳು, ತೊಳೆದ ಮೇಲೆ ಋಣ ವಿದ್ಯುದಂಶ ಹೊಂದಿರುವ ಕೂದಲಿಗೆ ಅಂಟಿಕೊಂಡು ಎಳೆಗಳ ನಡುವಿನ ತಿಕ್ಕಾಟವನ್ನು ತಗ್ಗಿಸುತ್ತವೆ. ಅವು ತಲುಪದ ಕಡೆ ಈ ಕೆಲಸ ಆಗುವುದಿಲ್ಲ. ಕಂಡೀಷನರ್ ಹಚ್ಚಿದ ಮೇಲೆ ಬೊಗಸೆಯಲ್ಲಿ ನೀರು ಹಿಡಿದು, ಕೂದಲನ್ನು ತುದಿಯಿಂದ ಬುಡದ ಕಡೆಗೆ ಮುಷ್ಟಿಯಲ್ಲಿ ಮೆತ್ತಗೆ ಹಿಂಡುತ್ತಾ ಹೋದರೆ ಒಂದು ಹಂತದಲ್ಲಿ ಪಿಚಕ್ ಪಿಚಕ್ ಎಂಬ ಸದ್ದು ಬರತೊಡಗುತ್ತದೆ. ಆ ಸದ್ದು ಬರುವವರೆಗೂ ನೀರು ಸಾಲದೆಂದೇ ತಿಳಿಯಬೇಕು. ಸಿಕ್ಕು ಬಿಡಿಸಬೇಕಾದದ್ದೂ ಇದೇ ಹೊತ್ತಿನಲ್ಲಿ, ಅಗಲ ಹಲ್ಲಿನ ಬಾಚಣಿಗೆಯಿಂದ ಅಥವಾ ಬೆರಳುಗಳಿಂದ, ತುದಿಯಿಂದ ಆರಂಭಿಸಿ ಮೇಲಕ್ಕೆ ಹೋಗುತ್ತಾ.

ಇಷ್ಟಾದರೂ ಕೂದಲು ಕೈಗೆ ಕಿರುಗುಟ್ಟುವಂತೆ ಒರಟಾಗಿಯೇ ಇದ್ದರೆ ನೀರನ್ನು ಅನುಮಾನಿಸಬೇಕು. ನಲ್ಲಿಯ ಬಾಯಿಯಲ್ಲಿ, ಬಕೆಟ್ಟಿನ ಒಳಗೋಡೆಯಲ್ಲಿ ಬಿಳಿ ಕರೆ ಕಟ್ಟುತ್ತಿದ್ದರೆ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿವೆ. ಅವು ಕೂದಲಿನ ಮೇಲೂ ಕೂರುತ್ತವೆ. ಗಡಸು ನೀರಿನಲ್ಲಿ ಸೋಪಿನಿಂದ ತಲೆ ತೊಳೆಯುವವರಿಗೆ ತೊಂದರೆ ಇಮ್ಮಡಿ, ಏಕೆಂದರೆ ಸೋಪು ಆ ಲವಣಗಳೊಂದಿಗೆ ಸೇರಿ ನೀರಿನಲ್ಲಿ ಕರಗದ ಮಡ್ಡಿಯಾಗುತ್ತದೆ, ಮೇಲಾಗಿ ಸೋಪಿನ ಕ್ಷಾರಗುಣ ಹೊರಪದರವನ್ನು ಒರಟಾಗಿಸುತ್ತದೆ. ಅಂಥವರು ಮೊದಲು ಸೋಪು ಬಿಟ್ಟು ಶಾಂಪೂವಿಗೆ ಬದಲಾಗಬೇಕು. ಲವಣಗಳನ್ನು ಹಿಡಿದು ತೆಗೆಯಲೆಂದೇ ತಯಾರಿಸಿದ, ಇಡಿಟಿಎಯಂಥ ಪದಾರ್ಥವಿರುವ ಶಾಂಪೂವನ್ನು ತಿಂಗಳಿಗೊಮ್ಮೆ ಬಳಸಿ ನೋಡಬಹುದು. ಕಾರಣ ನೀರೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಸುಲಭದ ದಾರಿಯೊಂದಿದೆ: ಒಂದು ಸಲ ಕೊನೆಯ ಜಾಲಾಟವನ್ನು ಅರ್ಧ ತಲೆಗೆ ಮಾತ್ರ ಶುದ್ಧೀಕರಿಸಿದ ಕುಡಿಯುವ ನೀರಿನಲ್ಲಿ ಮಾಡಿ, ಒಣಗಿದ ಮೇಲೆ ಎರಡು ಬದಿಗಳನ್ನೂ ಮುಟ್ಟಿ ನೋಡುವುದು.

ಒಣಗುವ ಹೊತ್ತಿನಲ್ಲಿ ಕೆದರಿದರೆ

ಒದ್ದೆಯಲ್ಲಿ ಗೊಂಚಲುಗಳು ಚೆನ್ನಾಗಿದ್ದು, ಒಣಗಿದ ಮೇಲೆ ಮಾತ್ರ ಚೆದುರಿಹೋಗಿದ್ದರೆ ದೋಷ ನಡುವಿನ ಆ ಎರಡು ಮೂರು ಗಂಟೆಗಳಲ್ಲಿದೆ. ನಾನು ಕಂಡ ಮಟ್ಟಿಗೆ ಅತಿ ಹೆಚ್ಚು ಜನರ ಸಮಸ್ಯೆ ಇರುವುದು ಇಲ್ಲಿಯೇ, ಮತ್ತು ಅತಿ ಕಡಿಮೆ ಜನ ಅನುಮಾನಿಸುವುದೂ ಇದನ್ನೇ. ಹೈಡ್ರೋಜನ್ ಬಂಧಗಳು ಮತ್ತೆ ಕೂಡಿಕೊಳ್ಳುವ ಹೊತ್ತು ಇದು. ಅರೆ ಒಣಗಿದ ಕೂದಲಿನಲ್ಲಿ ಬೆರಳಾಡಿಸಿದರೆ, ಬಾಚಿದರೆ, ಎತ್ತಿ ಕಟ್ಟಿ ಬಿಚ್ಚಿದರೆ, ಗೊಂಚಲಿನಿಂದ ಬೇರ್ಪಟ್ಟ ಪ್ರತಿ ಎಳೆಯೂ ಬೇರ್ಪಟ್ಟ ಆಕಾರದಲ್ಲೇ ಗಟ್ಟಿಯಾಗುತ್ತದೆ. ಒಣಗಿತೇ ಎಂದು ನೋಡಲು ಆಗಾಗ್ಗೆ ಮುಟ್ಟುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಮೊದಲು ಟವೆಲನ್ನು ಗಮನಿಸಬೇಕು. ತಲೆಯನ್ನು ಟವೆಲಿನಿಂದ ಗಸಗಸನೆ ಉಜ್ಜುವುದು ನಮಗೆ ಬಾಲ್ಯದಿಂದ ಬಂದ ಅಭ್ಯಾಸ. ಒದ್ದೆ ಕೂದಲಿನ ಹೊರಪದರ ನೀರು ಕುಡಿದು ಮೆತ್ತಗಾಗಿ ಸ್ವಲ್ಪ ಎದ್ದಿರುತ್ತದೆ. ಒರಟು ಟವೆಲಿನ ಕುಣಿಕೆಗಳು ಅದನ್ನು ಹಿಡಿದೆಳೆಯುತ್ತವೆ. ಹಳೆಯ ಹತ್ತಿಯ ಬನಿಯನ್ ಬಟ್ಟೆಯನ್ನು ಕೂದಲಿಗೆ ಒತ್ತಿ ಹಿಡಿದು ನೀರು ಹೀರಿಸಿದರೆ ಸಾಕು, ಉಜ್ಜುವ ಅಗತ್ಯವೇ ಇಲ್ಲ. ಆಮೇಲೆ ಹೇರ್ ಡ್ರೈಯರ್. ನೇರವಾಗಿ ಬೀಸುವ ಗಾಳಿ ಗೊಂಚಲುಗಳನ್ನು ಹರಿದುಹಾಕುವುದರಿಂದ ತುದಿಗೆ ಡಿಫ್ಯೂಸರ್ (ಗಾಳಿಯನ್ನು ಚದುರಿಸಿ ಬಿಡುವ ತೂತುಗಳ ಬಟ್ಟಲು) ಸಿಕ್ಕಿಸಿ, ಕಡಿಮೆ ಬಿಸಿ, ಕಡಿಮೆ ವೇಗದಲ್ಲಿ, ಒಂದು ಕಡೆ ಹಿಡಿದು ನಿಲ್ಲಿಸಿ ಒಣಗಿಸಬೇಕು. ಫ್ಯಾನಿನ ಕೆಳಗೆ ಕುಳಿತು ಒಣಗಿಸುವವರು ನೆತ್ತಿ ಮಾತ್ರ ಕೆದರುತ್ತದೆ ಎಂದು ಹೇಳಿದರೆ ಕಾರಣ ತಲೆಯ ಮೇಲೆಯೇ ತಿರುಗುತ್ತಿದೆ.

ಜೆಲ್ ಬಳಸುವುದರ ಉದ್ದೇಶವೂ ಈ ಹಂತವನ್ನು ಕಾಯುವುದೇ. ಕೂದಲು ಇನ್ನೂ ನೀರು ಸುರಿಯುತ್ತಿರುವಾಗ ಹಚ್ಚಿದ ಜೆಲ್, ಒಣಗಿದಂತೆ ಗೊಂಚಲಿನ ಸುತ್ತ ಗಡುಸಾದ ಕವಚವೊಂದನ್ನು ಕಟ್ಟುತ್ತದೆ. ಪೂರ್ತಿ ಒಣಗಿದ ಮೇಲೆ ಅಂಗೈಗೆ ಒಂದೆರಡು ಹನಿ ಎಣ್ಣೆ ಸವರಿಕೊಂಡು ಕೂದಲನ್ನು ಮೆತ್ತಗೆ ಹಿಸುಕಿದರೆ ಕವಚ ಮುರಿದು, ಸುರುಳಿ ಉಳಿಯುತ್ತದೆ. ಎಣ್ಣೆಗೆ ಸರಿಯಾದ ಜಾಗ ಇದು, ಕೊನೆಯ ಹಂತ, ಒಂದೆರಡು ಹನಿ. ಜೆಲ್ ಹಚ್ಚಿಯೂ ಕೆದರಿದರೆ ಎರಡನ್ನು ಪರಿಶೀಲಿಸಬೇಕು: ಅದನ್ನು ಅರೆ ಒಣಗಿದ ಮೇಲೆ ಹಚ್ಚಿದಿರೇ, ಅಥವಾ ಕವಚವನ್ನು ಒಳಗೆ ತೇವವಿರುವಾಗಲೇ ಮುರಿದಿರೇ. ಹೊರಪದರ ಒಣಗಿದ್ದರೂ ಕತ್ತಿನ ಹಿಂಭಾಗದ ಕೂದಲು ತಣ್ಣಗಿದ್ದರೆ ಅದು ಇನ್ನೂ ಒದ್ದೆಯೇ. ಒಣಗಿದ ಮೇಲೆ ಹೊಟ್ಟಿನಂತಹ ಬಿಳಿ ಪುಡಿ ಉದುರಿದರೆ, ಜೆಲ್‌ಗೂ ಅದರ ಕೆಳಗೆ ಹಚ್ಚಿದ ಕ್ರೀಮಿಗೂ ಹೊಂದಾಣಿಕೆಯಿಲ್ಲ ಎಂದು ಅನುಮಾನಿಸಬೇಕು. ಎರಡನ್ನೂ ಕಡಲೆಕಾಳಿನಷ್ಟು ತೆಗೆದು ಅಂಗೈಯಲ್ಲಿ ಬೆರೆಸಿ ನೋಡಿದರೆ, ಹೊಂದುವಂಥವು ನಯವಾಗಿ ಒಂದಾಗುತ್ತವೆ, ಹೊಂದದಂಥವು ಒಡೆದು ಸಣ್ಣ ಸಣ್ಣ ಬಿಳಿ ಕಾಳುಗಳಾಗುತ್ತವೆ.

ಹೊರಗೆ ಹೋದ ಮೇಲೆ ಕೆದರಿದರೆ

ಮನೆಯಲ್ಲಿ ಚೆನ್ನಾಗಿದ್ದ ಕೂದಲು ಹೊರಗೆ ಕಾಲಿಟ್ಟ ಅರ್ಧ ಗಂಟೆಯಲ್ಲಿ ಉಬ್ಬಿ ನಿಂತರೆ ಕಾರಣ ಗಾಳಿಯ ತೇವಾಂಶ. ಇಲ್ಲಿ ಪರಿಶೀಲಿಸಬೇಕಾದ ಮೊದಲ ಪದಾರ್ಥ ಗ್ಲಿಸರಿನ್. ಅದು ನೀರನ್ನು ಸೆಳೆದುಕೊಳ್ಳುವ ಗುಣದ್ದು. ಮಿತವಾದ ಹವೆಯಲ್ಲಿ ಆ ಗುಣ ಕೂದಲನ್ನು ಮೆದುವಾಗಿಡುತ್ತದೆ, ಆದರೆ ಗಾಳಿ ತೇವದಿಂದ ತುಂಬಿದ್ದಾಗ ಕೂದಲಿಗೆ ಅನಗತ್ಯ ನೀರನ್ನು ತಂದು ಉಬ್ಬಿಸುತ್ತದೆ, ಹವೆ ತೀರಾ ಒಣಗಿದ್ದಾಗ ಸೆಳೆಯಲು ಗಾಳಿಯಲ್ಲಿ ನೀರೇ ಇಲ್ಲದೆ ಉಪಯೋಗಕ್ಕೆ ಬಾರದಾಗುತ್ತದೆ. ತಲೆಗೆ ಹಚ್ಚಿ ಬಿಡುವ ಕ್ರೀಮು, ಜೆಲ್‌ಗಳ ಪಟ್ಟಿಯಲ್ಲಿ ಗ್ಲಿಸರಿನ್ ಮೊದಲ ನಾಲ್ಕೈದು ಹೆಸರುಗಳೊಳಗಿದ್ದರೆ ಮಳೆಯ ದಿನಗಳಲ್ಲಿ ಅದನ್ನು ಬದಿಗಿಟ್ಟು, ಗಟ್ಟಿ ಕವಚ ಕಟ್ಟುವ ಜೆಲ್ಲನ್ನೋ ಸ್ವಲ್ಪ ಸಿಲಿಕೋನ್ ಇರುವುದನ್ನೋ ಬಳಸಿ ನೋಡಬೇಕು. ಒಂದೇ ಪದಾರ್ಥ ಒಂದು ಕಾಲದಲ್ಲಿ ಹೊಂದಿ ಇನ್ನೊಂದು ಕಾಲದಲ್ಲಿ ಕೈಕೊಡುವುದಕ್ಕೆ ಇದು ಸಾಮಾನ್ಯ ವಿವರಣೆ.

ಬೆಳಿಗ್ಗೆ ಎದ್ದಾಗ ಮಾತ್ರ ಕೆದರಿದ್ದರೆ ಅದು ದಿಂಬಿನ ತಿಕ್ಕಾಟ. ನುಣುಪು ಬಟ್ಟೆಯ ದಿಂಬಿನ ಹೊದಿಕೆ, ಅಥವಾ ಕೂದಲನ್ನು ನೆತ್ತಿಯ ಮೇಲೆ ಸಡಿಲವಾಗಿ ಎತ್ತಿ ಕಟ್ಟಿ ಮಲಗುವುದು, ಇಷ್ಟರಿಂದಲೇ ಅದು ಬಹುಪಾಲು ಸರಿಹೋಗುತ್ತದೆ. ಬೆಳಿಗ್ಗೆ ಒಣ ಕೂದಲನ್ನು ಬಾಚಬಾರದು. ಕೆದರಿದ ಕಡೆ ಮಾತ್ರ ನೀರು ಚಿಮುಕಿಸಿ, ಬೆರಳಿಗೆ ಸುತ್ತಿ ಬಿಡಬೇಕು.

ಯಾವ ಭಾಗದಲ್ಲಿ ಎಂಬ ಪ್ರಶ್ನೆ

ತಲೆಯೆಲ್ಲ ಒಂದೇ ಸಮನೆ ಕೆದರಿದ್ದರೆ ಕಾರಣ ನೀರು, ಹವೆ ಅಥವಾ ತೊಳೆಯುವ ಕ್ರಮದಲ್ಲಿರುತ್ತದೆ. ತುದಿಯ ಕೆಲವು ಇಂಚು ಮಾತ್ರ ಕೆದರಿ, ಬುಡದ ಕಡೆ ಸುರುಳಿ ಚೆನ್ನಾಗಿದ್ದರೆ ಅದು ಸವೆತ ಅಥವಾ ಹಾನಿ. ಒದ್ದೆ ಎಳೆಯೊಂದನ್ನು, ತಾನಾಗಿ ಉದುರಿದ್ದನ್ನು, ತೆಗೆದುಕೊಂಡು ಅದರ ಗುಂಗುರು ನೇರವಾಗುವವರೆಗೆ ಹಿಡಿದು, ಅಲ್ಲಿಂದ ಮುಂದೆ ನಿಧಾನವಾಗಿ ಎಳೆಯಬೇಕು. ಆರೋಗ್ಯವಾದ ಒದ್ದೆ ಎಳೆ ಗಣನೀಯವಾಗಿ ಹಿಗ್ಗಿ, ಬಿಟ್ಟೊಡನೆ ಮೊದಲಿನಂತಾಗುತ್ತದೆ. ಹಿಗ್ಗದೆ ಫಟ್ಟನೆ ತುಂಡಾದರೆ, ಅಥವಾ ಹಿಗ್ಗಿ ಸೋತ ರಬ್ಬರಿನಂತೆ ಹಾಗೇ ಉಳಿದರೆ, ಒಳಗಿನ ಬಂಧಗಳೇ ಕೆಟ್ಟಿವೆ. ಬ್ಲೀಚ್, ಬಣ್ಣ, ಸ್ಟ್ರೈಟ್ನರ್ ಬಳಸಿದವರಲ್ಲಿ ಇದನ್ನು ನಿರೀಕ್ಷಿಸಬೇಕು. ಅದರಲ್ಲೂ ಒದ್ದೆ ಕೂದಲಿಗೆ ಸ್ಟ್ರೈಟ್ನರ್ ಇಟ್ಟರೆ ಒಳಗಿನ ನೀರು ಹಬೆಯಾಗಿ ಎಳೆಯೊಳಗೇ ಗುಳ್ಳೆಗಳನ್ನು ಮಾಡುತ್ತದೆ. ಸಿಲಿಕೋನ್ ಮತ್ತು ಪ್ರೋಟೀನ್ ಇರುವ ಕಂಡೀಷನರ್‌ಗಳು ಅಂಥ ಕೂದಲನ್ನು ಮುಚ್ಚಿ ಕಾಪಾಡುತ್ತವೆ, ಆದರೆ ದುರಸ್ತಿ ಮಾಡಿ ಮೊದಲಿನಂತಾಗಿಸುವುದಿಲ್ಲ. ಪ್ರೋಟೀನ್ ಹಚ್ಚಿದ ಮೇಲೆ ಕೂದಲು ಗಡುಸಾಗಿ ಕಡ್ಡಿಯಂತಾದರೆ ಅದನ್ನು ನಿಲ್ಲಿಸಬೇಕು. ತುದಿಯನ್ನು ಕತ್ತರಿಸುವುದೇ ಪ್ರಾಮಾಣಿಕ ಪರಿಹಾರ. ಕೊಬ್ಬರಿ ಎಣ್ಣೆಯ ಉಪಯೋಗ ಇಲ್ಲಿ ಹಾನಿಗೆ ಮುನ್ನ ಇದೆ: ಅದರ ಲಾರಿಕ್ ಆಮ್ಲ ಎಳೆಯೊಳಗೆ ಇಳಿಯಬಲ್ಲದ್ದರಿಂದ, ತಲೆ ತೊಳೆಯುವ ಮೊದಲು ಹಚ್ಚಿದರೆ ತೊಳೆಯುವಾಗ ಆಗುವ ಪ್ರೋಟೀನ್ ನಷ್ಟ ತಗ್ಗುತ್ತದೆ.

ನೆತ್ತಿಯ ಮೇಲೆ, ಬೈತಲೆಯ ಅಕ್ಕಪಕ್ಕದಲ್ಲಿ, ಹಣೆಯಂಚಿನಲ್ಲಿ ಗಿಡ್ಡ ಕೂದಲುಗಳು ಎದ್ದು ನಿಂತಿದ್ದರೆ ಅವುಗಳನ್ನು ಒಂದೊಂದಾಗಿ ಬಿಳಿ ಕಾಗದದ ಎದುರು ಹಿಡಿದು ತುದಿಯನ್ನು ನೋಡಬೇಕು. ತುದಿ ಮೊಂಡಾಗಿ, ಕತ್ತರಿಸಿದಂತೆ ಅಥವಾ ಸೀಳಿದಂತೆ ಇದ್ದರೆ ಅದು ತುಂಡಾದ ಕೂದಲು. ಬಿಗಿಯಾಗಿ ಎಳೆದು ಕಟ್ಟುವ ಜಡೆಯನ್ನು, ರಬ್ಬರ್ ಬ್ಯಾಂಡನ್ನು ಅನುಮಾನಿಸಬೇಕು. ತುದಿ ಸೂಜಿಮೊನೆಯಂತೆ ಸಣ್ಣಗಾಗುತ್ತಾ ಹೋಗಿದ್ದರೆ ಅದು ಹೊಸದಾಗಿ ಹುಟ್ಟಿದ ಕೂದಲು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಅದನ್ನು ನೇರವಾಗಿ ಹಿಡಿದು ಅಳೆದರೆ ಎಷ್ಟು ತಿಂಗಳ ಹಿಂದೆ ಹುಟ್ಟಿತೆಂದು ಅಂದಾಜಿಸಬಹುದು. ತೀವ್ರ ಜ್ವರ ಅಥವಾ ಹೆರಿಗೆಯ ಎರಡು ಮೂರು ತಿಂಗಳ ಬಳಿಕ ಕೂದಲು ಹೆಚ್ಚಾಗಿ ಉದುರುವುದು ಸಾಮಾನ್ಯ. ಅದಾದ ಮೇಲೆ ತಲೆಯ ತುಂಬ ಒಂದೇ ಉದ್ದದ ಮರಿಗೂದಲು ಎದ್ದು ನಿಲ್ಲುತ್ತದೆ. ಅದನ್ನು ದೋಷವೆಂದು ತಿಳಿದು ಜೆಲ್ ಮೆತ್ತಿ ಬಾಚಿ ಎಳೆಯಬಾರದು. ಅದು ಮರಳಿ ಬರುತ್ತಿರುವ ಕೂದಲು, ಉದ್ದವಾಗಲು ಅದಕ್ಕೆ ಸಮಯ ಕೊಡಬೇಕು.

ತಲೆಯ ಹೊರಗೆ ಹುಡುಕಬೇಕಾದಾಗ

ಕ್ರಮ, ನೀರು, ಹವೆ ಯಾವುದೂ ಬದಲಾಗದೆ ಕೆಲವೇ ತಿಂಗಳಲ್ಲಿ ಕೂದಲಿನ ಗುಣವೇ ಬದಲಾಗಿ ಒರಟಾಗಿದ್ದರೆ, ಅದರೊಂದಿಗೆ ಅತಿಯಾದ ಆಯಾಸ, ಚಳಿ ತಡೆಯಲಾಗದಿರುವುದು, ತೂಕ ಏರುವುದು ಇದ್ದರೆ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ನೆತ್ತಿ ತುರಿಸಿ ಹುರುಪೆ ಏಳುತ್ತಿದ್ದರೆ ಚರ್ಮವೈದ್ಯರಿಗೆ ತೋರಿಸಬೇಕು. ಎಲ್ಲ ಬೇಸತ್ತು ಕೂದಲನ್ನು ನೇರ ಮಾಡಿಸಿಕೊಳ್ಳಲು ಹೊರಟವರು, ಅಲ್ಲಿ ಬಳಸುವ ದ್ರವದಲ್ಲಿ ಏನಿದೆಯೆಂದು ಕೇಳಿ, ಬಾಟಲಿಯ ಪಟ್ಟಿಯನ್ನು ತಾವೇ ಓದಬೇಕು. ಇಂಥ ಕೆಲವು ದ್ರವಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಪಟ್ಟಿಯಲ್ಲಿ ಅದು ಮೆಥಿಲೀನ್ ಗ್ಲೈಕಾಲ್ ಅಥವಾ ಫಾರ್ಮಲಿನ್ ಎಂಬ ಹೆಸರಿನಲ್ಲೂ ಇರಬಹುದು. ಕಣ್ಣು, ಗಂಟಲು ಉರಿಯತೊಡಗಿದರೆ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಲು ಹೇಳಿ, ತಲೆ ತೊಳೆಸಿಕೊಂಡು ಗಾಳಿಯಾಡುವ ಜಾಗಕ್ಕೆ ಹೋಗಬೇಕು.